ಜೀನಾ ಹೆಸರಿನಲ್ಲಿ ಬಂದ ಬೂಟು

ಮಾರ್ಚ್ 14, 1994. ಸೋಮವಾರ

ಹನ್ನೊಂದು ಹಾಸಿಗೆ, ಹನ್ನೊಂದು ಹುಡುಗಿಯರು, ಹತ್ತು ಜೊತೆ ಕಾಲುಚೀಲ. ಇವತ್ತೂ ಒಂದು ಜೊತೆ ಕಡಿಮೆ. ಕೊನೆಗೆ ಬಂದವಳು ಕಾಲಿಗೆ ಹಳೆಯ ಪತ್ರಿಕೆ ಸುತ್ತಿಕೊಂಡು ಬೂಟು ಹಾಕಬೇಕು. ಕೊನೆಗೆ ಬರುವವಳು ಯಾವಾಗಲೂ ಗ್ಲಾಶಾ. ಸೋಮಾರಿಯಲ್ಲ. ಎಡಗಾಲು ಗಿಡ್ಡ. ಮೂರು ವರ್ಷದವಳಿದ್ದಾಗ ಮುರಿದದ್ದು ಅಡ್ಡಾದಿಡ್ಡಿ ಕೂಡಿಕೊಂಡಿದೆ. ಈಗ ಎಂಟು. ನನ್ನ ಕಾಲುಚೀಲ ಕಳಚಿ ಕೊಟ್ಟೆ. ಕಾಲೆಲ್ಲ ಮುಳುಗಿಹೋಯಿತು. ನಕ್ಕಳು.

ಗಂಜಿಯ ಹೊತ್ತಿಗೆ ಡೈರೆಕ್ಟರ್ ಕಪಿತೋಲಿನಾ ಸಾವ್ವಿಚ್ನಾ ಬಂದು ಚಪ್ಪಾಳೆ ತಟ್ಟಿದರು. ನಾಳೆ ಅತಿಥಿಗಳಂತೆ. ಗಡಿಯಾಚೆಯ ಫಿನ್‌ಲ್ಯಾಂಡಿನಿಂದ, ಫಿನ್ನರು. ಯಾವುದೋ ಚರ್ಚಿನವರು.

“ಯಾಕೆ ಬರ್ತಾರೆ?” ಎಂದೆ.

“ಮಕ್ಕಳನ್ನ ನೋಡೋಕೆ.”

“ನೋಡಿ ಏನ್ಮಾಡ್ತಾರೆ?”

“ತಾಸ್ಯಾ, ನನಗೆ ಬಟ್ಟೆ ಒಗೆಯೋ ಮೆಷಿನ್ ಬೇಕು. ತಂದುಕೊಡ್ತೀವಿ ಅಂದಿದ್ದಾರೆ. ಅದಕ್ಕೆ ಬರ್ತಾರೆ ಅಂತ ಅಂದ್ಕೋ. ನೀನು ಒಂದಿಷ್ಟು ನಗ್ತಾ ನಿಂತ್ಕೋ, ಸಾಕು.”

ನಗುವುದಿಲ್ಲ. ಈ ಅನಾಥಾಲಯದಲ್ಲೇ ಬೆಳೆದು ಇಲ್ಲೇ ಮೇಲ್ವಿಚಾರಕಿಯಾದವಳು ನಾನು. ಎರಡನೇ ಗುಂಪು, ಕಿಟಕಿ ಪಕ್ಕದ ಹಾಸಿಗೆ. ನೋಡಲು ಬರುವವರನ್ನು ನೋಡಿ ನೋಡಿ ಬೆಳೆದೆ. ಆಗ ಕಾರ್ಖಾನೆಯವರು ಬರುತ್ತಿದ್ದರು. ನಾವು ಹಾಡುತ್ತಿದ್ದೆವು, ಅವರು ಬಿಸ್ಕತ್ತು ಕೊಡುತ್ತಿದ್ದರು. ಕಾರ್ಖಾನೆ ಮುಚ್ಚಿತು. ಈಗ ದೇವರು ಬರುತ್ತಿದ್ದಾನೆ.

ಮಧ್ಯಾಹ್ನ

ಊರಿನ ಗ್ರಂಥಾಲಯ ಹಳೆಯ ಕಿರುಹೊತ್ತಿಗೆಗಳನ್ನು ಒಲೆಗೆ ಹಾಕಲೆಂದು ಹೊರಗಿಟ್ಟಾಗ ಎರಡು ಚೀಲ ಹೊತ್ತು ತಂದಿದ್ದೆ. ಇವತ್ತು ಮತ್ತೆ ತೆಗೆದೆ. ಒಂದರಲ್ಲಿ: ಧರ್ಮಪ್ರಚಾರಕ ಮೊದಲು ಸಿಹಿ ಕೊಡುತ್ತಾನೆ, ಆಮೇಲೆ ಹೆಸರು ಕೇಳುತ್ತಾನೆ. ಇನ್ನೊಂದು ಯುದ್ಧಕಾಲದ ಗುಪ್ತ ಹೋರಾಟಗಾರರದ್ದು. ಇದೇ ಊರನ್ನು ಇದೇ ಫಿನ್ನರು ಮೂರು ವರ್ಷ ಹಿಡಿದಿಟ್ಟಿದ್ದರಲ್ಲ, ಆಗಿನದ್ದು. ಮೊದಲ ನಿಯಮ — ನಿಜವಾದ ಹೆಸರನ್ನು ಶತ್ರುವಿಗೆ ಕೊಡಬೇಡ.

ಕಳೆದ ವಾರದ ಪತ್ರಿಕೆಯಲ್ಲೂ ಬಂದಿತ್ತು. ವಿದೇಶಕ್ಕೆ ಹೋದ ಅನಾಥ ಮಕ್ಕಳು. ಮೂತ್ರಪಿಂಡ. ಹೌದೋ ಅಲ್ಲವೋ... ಆದರೆ ಹೆಸರು, ವಯಸ್ಸು, ಫೋಟೊ ಇಲ್ಲದೆ ಯಾರನ್ನೂ ಆರಿಸಿ ಒಯ್ಯಲಾಗುವುದಿಲ್ಲ. ಅಷ್ಟು ಮಾತ್ರ ಖಂಡಿತ.

ಮಾರ್ಚ್ 15

ಐದು ಜನ. ಬಿಳಿ ವ್ಯಾನು. ಬಾಗಿಲಿನಿಂದಲೇ ನಗು ಶುರು. ಕಾರಣವಿಲ್ಲದೆ ನಗುವವನು ದಡ್ಡ ಎಂದು ನಮ್ಮಲ್ಲಿ ಹೇಳುತ್ತಾರೆ. ಇವರು ದಡ್ಡರಲ್ಲ. ಹಾಗಾದರೆ ಕಾರಣವಿದೆ.

ಪಾದ್ರಿ ಕ್ಯಾಮೆರಾ ತೆಗೆದ. ಅಡ್ಡ ನಿಂತೆ. “ನನ್ನ ಗುಂಪಿನ ಮಕ್ಕಳ ಫೋಟೊ ಬೇಡ.” ನಗರದಿಂದ ಬಂದ ದುಭಾಷಿ ಹುಬ್ಬೇರಿಸಿದ. ಪಾದ್ರಿ ತಲೆಬಾಗಿಸಿ ಕ್ಯಾಮೆರಾ ಒಳಗಿಟ್ಟ. ಇಷ್ಟು ಸುಲಭವಾಗಿ ಯಾಕೆ ಒಪ್ಪಿದ?

ಆಮೇಲೆ ಗೊತ್ತಾಯಿತು. ಅವರ ಬಳಿ ಬೇರೆ ಉಪಾಯವಿತ್ತು. ನೆಲದ ಮೇಲೆ ಕಂದು ಕಾಗದ ಹಾಸಿದರು. ಒಬ್ಬೊಬ್ಬಳನ್ನೇ ಬರಿಗಾಲಲ್ಲಿ ನಿಲ್ಲಿಸಿ ಪಾದದ ಸುತ್ತ ಪೆನ್ಸಿಲಿನಿಂದ ಗೆರೆ ಎಳೆದರು. ಹೆಸರು ಕೇಳಿ ಕಾಗದದ ಮೇಲೆ ಬರೆದರು. ಕಾಲುಚೀಲ ಹೆಣೆಯಲಿಕ್ಕಂತೆ. ಕಾಲುಚೀಲ ಯಾರಿಗೆ ಬೇಕಾದರೂ ಹಿಗ್ಗುತ್ತದೆ. ಹೆಸರೇಕೆ?

ನಾನು ತಯಾರಿದ್ದೆ. ಬೆಳಗ್ಗೆಯೇ ಆಟ ಹೇಳಿಕೊಟ್ಟಿದ್ದೆ. ನಾವೆಲ್ಲ ಗುಪ್ತ ಹೋರಾಟಗಾರರು. ಪಕ್ಕದ ಹಾಸಿಗೆಯವಳ ಹೆಸರೇ ನಿನ್ನ ಹೆಸರು. ಹೊಡೆದರೂ ಬಿಡಬಾರದು. ಸಿಹಿ ಕೊಟ್ಟರೂ ಬಿಡಬಾರದು. ಕಣ್ಣು ಮಿನುಗಿಸಿಕೊಂಡು ಕೇಳಿದ್ದರು. ಡೈರೆಕ್ಟರ್ ಅತ್ತ ಪಾದ್ರಿಗೆ ಸೋರುವ ಮಾಡು ತೋರಿಸುತ್ತಿದ್ದರು. ಇತ್ತ ನನ್ನ ಹನ್ನೊಂದು ಜನ ಒಬ್ಬಳಾದ ಮೇಲೊಬ್ಬಳು ಸುಳ್ಳು ಹೆಸರು ಹೇಳಿದರು. ಒಬ್ಬಳೂ ತೊದಲಲಿಲ್ಲ.

ಗ್ಲಾಶಾಳ ಸರದಿ ಬಂದಾಗ ಅವರ ನರ್ಸು — ಕೆರ್ತು ಅಂತೆ, ಐವತ್ತರ ಹೆಂಗಸು, ಬಡಗಿಯಂಥ ಕೈ — ಪೆನ್ಸಿಲು ಕೆಳಗಿಟ್ಟಳು. ಅಳತೆಯ ಟೇಪು ತೆಗೆದಳು. ಸೊಂಟದಿಂದ ಹಿಮ್ಮಡಿಯವರೆಗೆ ಎರಡೂ ಕಾಲನ್ನು ಮೂರು ಮೂರು ಸಲ ಅಳೆದಳು. ದರ್ಜಿಯೂ ಅಷ್ಟು ಅಳೆಯುವುದಿಲ್ಲ.

“ನಿನ್ನ ಹೆಸರೇನು ಪುಟ್ಟಿ?” ಎಂದ ದುಭಾಷಿ.

“ಜೀನಾ ರ್ಯಾಬೊವಾ,” ಎಂದಳು ಗ್ಲಾಶಾ. ರೆಪ್ಪೆ ಹೊಡೆಯಲಿಲ್ಲ.

ಹೆಮ್ಮೆಯಾಯಿತು.

ಮಾರ್ಚ್ 16

ಒಗೆಯುವ ಕೋಣೆಯ ಅನ್ನಾ ಮತ್ವೆಯೆವ್ನಾಗೆ ಹೇಳಿದೆ. ಹೇಳದಿರಲಾಗಲಿಲ್ಲ. ಮುದುಕಿ ಚಾದರ ಹಿಂಡುತ್ತಾ ಕೇಳಿಸಿಕೊಂಡಳು.

“ಶತ್ರು ಬಂದು ಮಕ್ಕಳ ಪಾದದ ಅಳತೆ ತಗೊಂಡು ಹೋದ ಅನ್ನು.”

“ನಗಬೇಡಿ.”

“ನಗ್ತಿಲ್ಲ ಕಣೆ ತಾಯಿ. ಆ ಇನ್ನೊಂದು ತುದಿ ಹಿಡ್ಕೋ. ತಿರುಗಿಸು. ನಿನ್ನ ಹೊತ್ತಿಗೆಯಲ್ಲಿ ಚಾದರ ಹಿಂಡೋದು ಬರೆದಿಲ್ವಾ?”

ಏಪ್ರಿಲ್ 19

ಡೈರೆಕ್ಟರ್ ಮೇಜಿನ ಮೇಲೆ ದಪ್ಪ ಲಕೋಟೆ. ಫಿನ್‌ಲ್ಯಾಂಡಿನ ವಿಳಾಸ. ನಾನು ಒಳಗೆ ಹೋದ ಕೂಡಲೆ ಅದರ ಮೇಲೆ ಮೊಣಕೈ ಊರಿದರು.

“ಏನದು?”

“ಮೆಷಿನ್ನಿನ ಕಾಗದ.”

ಮೆಷಿನ್ನಿನ ಕಾಗದಕ್ಕೆ ಮೊಣಕೈ ಯಾಕೆ?

ಮೇ 21, ಶನಿವಾರ

ಮತ್ತೆ ಬಂದರು. ಮೆಷಿನ್ನೂ ಬಂತು. ಡೈರೆಕ್ಟರ್ ಅದನ್ನು ಕರುವಿನ ಹಾಗೆ ಸವರುತ್ತಾ ಒಗೆಯುವ ಕೋಣೆಯಲ್ಲೇ ಉಳಿದರು.

ಆಮೇಲೆ ಕಾಲುಚೀಲ. ಉಣ್ಣೆಯವು, ಒಂದೊಂದರ ಅಂಚಿನಲ್ಲೂ ಹೆಸರು ಹೆಣೆದಿದೆ. ಹೆಸರು ಕರೆದು ಹಂಚಿದರು. ಅಲ್ಲಿಗೆ ನಮ್ಮ ಆಟ ಬಯಲಾಗಬೇಕಿತ್ತು. ದಪ್ಪ ಕ್ಲಾವಾಳಿಗೆ ಬೊಂಬೆಯ ಅಳತೆಯದ್ದು. ಎಲ್ಲರಿಗಿಂತ ಚಿಕ್ಕವಳಿಗೆ ಗೋಣಿಚೀಲ. ಹೆಣೆದವರೇ ಅದಲುಬದಲು ಮಾಡಿದ್ದಾರೆಂದುಕೊಂಡು ಪಾದ್ರಿ ಪೆಚ್ಚಾಗಿ ತನ್ನ ಜೊತೆಯ ಹೆಂಗಸರ ಕಡೆ ನೋಡಿದ. ಅವರು ಫಿನ್ನಿಷಿನಲ್ಲಿ ಏನೋ ಗೊಣಗಿದರು. ದುಭಾಷಿ ಇನ್ನೂ ಬಾಯಿ ತೆರೆದಿರಲಿಲ್ಲ, ಬಾಗಿಲಲ್ಲಿ ನಿಂತ ಅನ್ನಾ ಮತ್ವೆಯೆವ್ನಾ ಫಕ್ಕನೆ ನಕ್ಕಳು.

ನೋಡಿದೆ. ಅವಳಿಗೆ ಆ ಭಾಷೆ ಗೊತ್ತು. ಇಪ್ಪತ್ತು ವರ್ಷದಿಂದ ಇಲ್ಲಿದ್ದಾಳೆ, ಯಾರಿಗೂ ಹೇಳಿಲ್ಲ. ಯಾಕೆ?

ಬರೆಯಬೇಕಾದದ್ದು ಇದಲ್ಲ. ಕೈ ಅದನ್ನು ಬಿಟ್ಟು ಬೇರೆಲ್ಲ ಬರೆಯುತ್ತಿದೆ.

ಕೆರ್ತು ಕೊನೆಗೆ ಒಂದು ಪೆಟ್ಟಿಗೆ ತೆಗೆದಳು. “ಜೀನಾ ರ್ಯಾಬೊವಾ.” ನಿಜವಾದ ಜೀನಾ ಮುಂದೆ ಬಂದಳು. ಕೆರ್ತು ಅವಳ ಕಾಲು ನೋಡಿ ತಲೆಯಾಡಿಸಿದಳು. ಸುತ್ತ ನೋಡಿದಳು. ಸೀದಾ ಗ್ಲಾಶಾಳ ಬಳಿ ಹೋಗಿ ಮಂಡಿಯೂರಿದಳು. ಪೆಟ್ಟಿಗೆಯಲ್ಲಿ ಒಂದು ಜೊತೆ ಬೂಟು. ಎಡಗಾಲಿನದಕ್ಕೆ ನಾಲ್ಕು ಬೆರಳು ದಪ್ಪದ ಅಟ್ಟೆ. ತೊಡಿಸಿ, ದಾರ ಕಟ್ಟಿ, ನಿಲ್ಲಿಸಿದಳು.

ಗ್ಲಾಶಾಳ ಎರಡೂ ಭುಜ ಒಂದೇ ಎತ್ತರದಲ್ಲಿದ್ದವು. ಅವಳನ್ನು ಹಾಗೆ ಯಾವತ್ತೂ ನೋಡಿರಲಿಲ್ಲ.

“ಜೀನಾ,” ಎಂದಳು ಕೆರ್ತು, ಅವಳ ಕೆನ್ನೆ ಹಿಡಿದು. ಗ್ಲಾಶಾ ನನ್ನ ಕಡೆ ನೋಡಿದಳು. ಹೊಡೆದರೂ ಬಿಡಬಾರದು, ಸಿಹಿ ಕೊಟ್ಟರೂ ಬಿಡಬಾರದು. “ಹೂಂ, ಜೀನಾ,” ಎಂದಳು.

ನಾನು ತಿದ್ದಲಿಲ್ಲ.

ಬೂಟು ತಾತ್ಕಾಲಿಕವಂತೆ. ಜುಲೈಯಲ್ಲಿ ಅವರ ಊರಿನ ಆಸ್ಪತ್ರೆಯಲ್ಲಿ ಕಾಲಿನ ಶಸ್ತ್ರಚಿಕಿತ್ಸೆ. ಚರ್ಚಿಗೆ ಪರಿಚಯದ ಒಬ್ಬ ವೈದ್ಯ ತನ್ನ ರಜೆಯಲ್ಲಿ ಬಂದು ಮಾಡಿಕೊಡುತ್ತಾನೆ. ಎಲ್ಲ ಕಾಗದ ತಯಾರು. ಆಹ್ವಾನ, ಆಸ್ಪತ್ರೆಯ ಪತ್ರ, ಇಲಾಖೆಯ ಅನುಮತಿ. ಎಲ್ಲದರ ಮೇಲೂ — ಜಿನೈದಾ ರ್ಯಾಬೊವಾ, ಜೀನಾಳ ಪೂರ್ತಿ ಹೆಸರು. ಏಪ್ರಿಲಿನ ಲಕೋಟೆಯಲ್ಲಿ ಹೋದದ್ದು ಜೀನಾಳ ಜನನ ಪತ್ರ. ಫಿನ್ನರು ‘ಚಿಕಿತ್ಸೆಗಾಗಿ’ ಎಂದು ಬರೆದು ಕೇಳಿದ್ದರಂತೆ, ಡೈರೆಕ್ಟರ್ ಯಾವ ಚಿಕಿತ್ಸೆ ಎಂದು ಕೇಳದೆಯೇ ಕಳಿಸಿದರಂತೆ.

ಮೇ 23

ಡೈರೆಕ್ಟರಿಗೆ ಹೇಳಿದೆ. ಆಟ, ಹೆಸರು, ಎಲ್ಲ. ಅರ್ಧ ಲೋಟ ಚಹಾ ಕುಡಿದರು.

“ಭೇಷ್, ನಮ್ಮ ಕ್ರಾಂತಿಕಾರಿ. ಶತ್ರುವನ್ನ ಚೆನ್ನಾಗಿ ದಾರಿ ತಪ್ಪಿಸಿದೆ.”

“ಕಾಗದ ಬದಲಾಯಿಸೋಣ.”

“ಹೊಸ ಆಹ್ವಾನ, ಹೊಸ ಅನುಮತಿ. ಮೂರು ತಿಂಗಳು. ಆ ವೈದ್ಯ ಇರೋದು ಜುಲೈ ಒಂದೇ ತಿಂಗಳು. ಮುಂದಿನ ವರ್ಷ ಬರ್ತಾನೋ ಇಲ್ವೋ. ಇವರೇ ಬರ್ತಾರೋ ಇಲ್ವೋ.” ಲೋಟ ಕೆಳಗಿಟ್ಟರು. “ಪಾಸ್‌ಪೋರ್ಟಿಗೆ ಇನ್ನೂ ಫೋಟೊ ಅಂಟಿಸಿಲ್ಲ. ನಾಳೆ ಗ್ಲಾಶಾನ ಸ್ಟುಡಿಯೋಗೆ ಕರ್ಕೊಂಡು ಹೋಗು.”

“ಜೀನಾ ಹೆಸರಿನಲ್ಲಾ?”

“ಆಪರೇಷನ್ನು ಹೆಸರಿಗಾ, ಕಾಲಿಗಾ? ಹೋಗ್ತಾಳೆ, ಕಾಲು ನೆಟ್ಟಗಾಗತ್ತೆ, ಬರ್ತಾಳೆ. ಬಾಯಿ ಮುಚ್ಕೊಂಡಿರು. ಒಂದು ಸಲ ತೆರೆದು ಏನಾಯ್ತು ನೋಡಿದೆಯಲ್ಲ.”

ಮೇ 24

ಸ್ಟುಡಿಯೋಗೆ ಹೋಗಿ ಬಂದೆವು. ಫೋಟೊ ಬೇಡವೆಂದು ಅಡ್ಡ ನಿಂತವಳು ನಾನೇ. ಆವತ್ತು ಒಂದು ಫೋಟೊ ತೆಗೆದಿದ್ದರೆ ಡೈರೆಕ್ಟರ್ ನೋಡಿ, ಇದು ಗ್ಲಾಶಾ ಎಂದಿರುತ್ತಿದ್ದರು.

ಜೂನ್ 5, ಭಾನುವಾರ

ಜೀನಾ ನನ್ನ ಕೋಣೆಗೆ ಬಂದಳು. ಕಳ್ಳಿ, ಎಲ್ಲ ಕೇಳಿಸಿಕೊಂಡಿದ್ದಾಳೆ.

“ಕಾಗದದಲ್ಲಿ ನನ್ನ ಹೆಸರಿದೆ. ನಾನೇ ಹೋಗ್ತೀನಿ.”

“ನಿನ್ನ ಕಾಲು ಚೆನ್ನಾಗಿದೆಯಲ್ಲೇ.”

“ಬೇಕಾದ್ರೆ ಮುರ್ಕೋತೀನಿ.”

ಬೈದೆ. ಹೋಗಲಿಲ್ಲ. ಬಾಗಿಲ ಹಿಡಿ ತಿರುಗಿಸುತ್ತಾ ನಿಂತಳು.

“ತಾಸ್ಯಾ ಅಕ್ಕಾ, ಅವಳು ನಾನಾಗಿ ಹೋದ್ರೆ... ನಮ್ಮಮ್ಮ ಬಂದ್ರೆ? ಜೀನಾ ಇಲ್ಲ ಅಂತ ವಾಪಸ್ ಕಳಿಸಿಬಿಡ್ತೀರಾ?”

ಅವಳ ತಾಯಿ ವರ್ಷಕ್ಕೆ ಎರಡು ಸಲ ಬರುತ್ತಾಳೆ. ಒಂದು ಸಲ ಕುಡಿಯದೆ. “ನೀನು ಇಲ್ಲೇ ಇರ್ತೀಯ, ನೀನೇ ಜೀನಾ,” ಎಂದು ಆಣೆ ಮಾಡಿದೆ. ನಂಬಿದಳೋ ಇಲ್ಲವೋ. ನಾನೇ ಕಲಿಸಿದ್ದಲ್ಲವೇ, ಯಾರನ್ನೂ ನಂಬಬೇಡ ಎಂದು.

ಅವಳು ಹೋದ ಮೇಲೆ ಹೊಳೆಯಿತು. ಇಷ್ಟು ದಿನ ಯಾಕೆ ಹೊಳೆಯಲಿಲ್ಲ?

ಗ್ಲಾಶಾಳಿಗೆ ಯಾರೂ ಇಲ್ಲ. ‘ಗ್ಲಾಫಿರಾ ಉಸ್ಕೊವಾ’ ಎಂದು ಬರೆದ ಅವಳ ಫೈಲಿನಲ್ಲಿ ಎರಡೇ ಹಾಳೆ. ಜೀನಾಳ ಹೆಸರಿನಲ್ಲಿ ಗಡಿ ದಾಟಿ ಅವಳು ಮರಳಿ ಬರದಿದ್ದರೆ — ಬರದವಳು ಜೀನಾ. ಆದರೆ ಜೀನಾ ಇಲ್ಲೇ ಗಂಜಿ ತಿನ್ನುತ್ತಿರುತ್ತಾಳೆ. ಗ್ಲಾಶಾ ಎಲ್ಲಿಗೂ ಹೋಗೇ ಇಲ್ಲ. ಹುಡುಕಿ ಎಂದು ಯಾರಿಗೆ ದೂರು ಕೊಡುವುದು? ಯಾರ ಹೆಸರಿನಲ್ಲಿ? ಕಾಗದದ ಪ್ರಕಾರ ಯಾರೂ ಕಳೆದುಹೋಗಿರುವುದಿಲ್ಲ.

ಮಾರ್ಚಿನಲ್ಲಿ ನನ್ನ ಅನುಮಾನಕ್ಕೆ ಆಧಾರವಿರಲಿಲ್ಲ. ಈಗ ಆಧಾರವಿದೆ. ನಾನೇ ಕಟ್ಟಿದ್ದು.

ಜೂನ್ 11

ಗ್ಲಾಶಾ ಬೂಟು ಹಾಕಿಕೊಂಡೇ ಮಲಗುತ್ತಾಳೆ. ಇವತ್ತು ಗಂಜಿಗೆ ಮೂರನೆಯವಳಾಗಿ ಬಂದಳು. ಮೆಟ್ಟಿಲಲ್ಲಿ ಕ್ಲಾವಾಳನ್ನು ಹಿಂದೆ ಹಾಕಿ.

ಜೂನ್ 17, ಶುಕ್ರವಾರ

ಫಿನ್ನರು ಬಂದಿದ್ದಾರೆ. ಊರಿನ ಹೋಟೆಲಿನಲ್ಲಿ ಇಳಿದಿದ್ದಾರೆ. ನಾಳೆ ಬೆಳಗ್ಗೆ ಕರೆದೊಯ್ಯುತ್ತಾರೆ.

ಊಟ ಆದ ಕೂಡಲೆ ಒಗೆಯುವ ಕೋಣೆಗೆ ಹೋದೆ. “ನಿಮಗೆ ಫಿನ್ನಿಷ್ ಬರುತ್ತೆ.”

ಅನ್ನಾ ಮತ್ವೆಯೆವ್ನಾ ಮೆಷಿನ್ನಿನ ಗಾಜಿನೊಳಗೆ ಸುತ್ತುವ ಬಟ್ಟೆಯನ್ನೇ ನೋಡುತ್ತಿದ್ದಳು. “ಯಾರು ಹೇಳಿದ್ದು?”

“ನೀವು ನಕ್ಕಿದ್ದು.”

“ಹಾಳು ಬಾಯಿ.” ಸಾಬೂನಿನ ಡಬ್ಬಿ ಮುಚ್ಚಿಟ್ಟಳು. “ಯುದ್ಧಕ್ಕೆ ಮುಂಚೆ, ಮನೇಲಿ ಆ ಭಾಷೆ ಆಡಿದ್ದಕ್ಕೇ ನಮ್ಮಪ್ಪನ್ನ ಪೊಲೀಸರು ಕರ್ಕೊಂಡು ಹೋದ್ರು. ನಾನಾಗ ಏಳು ವರ್ಷದವಳು. ಅವತ್ತಿಂದ ನಾನು ಅನ್ನಾ. ಅದಕ್ಕೆ ಮೊದಲು ಅನ್ನಿ ಅಂತಿದ್ರು. ಹೆಸರು ಬದಲಾಯಿಸೋ ಆಟ ನೀನೊಬ್ಬಳೇ ಆಡಿದ್ದು ಅಂದ್ಕೊಂಡ್ಯಾ?”

ಇವಳ ಮೇಲೂ ಅನುಮಾನಪಟ್ಟಿದ್ದೆ. ಕಾಲ ಕೆಳಗಿನ ಸಿಮೆಂಟು ನೋಡುತ್ತಾ ಹೇಳಿದೆ: ನರ್ಸಿಗೆ ನಿಜ ಹೇಳಬೇಕು. ದುಭಾಷಿ ಬೇಡ, ಅವನು ಸಂಜೆಯೊಳಗೆ ಇಲಾಖೆಗೆ ಮುಟ್ಟಿಸುತ್ತಾನೆ.

“ಹೇಳಿದ್ರೆ ಏನಾಗುತ್ತೆ?”

“ಗ್ಲಾಶಾ ಯಾರು ಅಂತ ಒಬ್ಬರಿಗಾದ್ರೂ ಗೊತ್ತಿರುತ್ತೆ.”

ಕೈ ಒರೆಸಿಕೊಂಡು ಎದ್ದಳು.

ನಾಲ್ಕು ಗಂಟೆಗೆ ಕೆರ್ತುವನ್ನು ಮೆಷಿನ್ ನೋಡುವ ನೆಪದಲ್ಲಿ ಕರೆತಂದೆವು. ನಾನು ಹೇಳಿದೆ, ಮುದುಕಿ ನಿಲ್ಲಿಸಿ ನಿಲ್ಲಿಸಿ ಹೇಳಿದಳು. ಎಷ್ಟೋ ಮಾತು ಅವಳಿಗೆ ಮರೆತುಹೋಗಿತ್ತು, ಕೈಯಲ್ಲಿ ತೋರಿಸಿದಳು. ಕೆರ್ತು ಮೊದಲು ಅವಳ ಬಾಯಿಯನ್ನೇ ನೋಡಿದಳು, ತನ್ನ ಅಜ್ಜಿ ಎದ್ದು ಬಂದ ಹಾಗೆ. ಆಮೇಲೆ ನನ್ನನ್ನು ನೋಡಿದಳು. ಆವತ್ತು ನಗುತ್ತಿದ್ದ ಮುಖದಲ್ಲಿ ನಗು ಇರಲಿಲ್ಲ. ಮೊದಲ ಸಲ ಅವಳ ಮುಖ ನಂಬುವಂತೆ ಕಂಡಿತು.

ಅವಳ ಉತ್ತರ ಗಿಡ್ಡ. ಮುದುಕಿ ಹಾಗೇ ದಾಟಿಸಿದಳು: “ನೀವು ಹೇಳದೇ ಇದ್ದಿದ್ರೆ ಕರ್ಕೊಂಡು ಹೋಗ್ತಿದ್ದೆ. ಈಗ ಗೊತ್ತಾಯ್ತು. ಗೊತ್ತಿದ್ದೂ ಸುಳ್ಳು ಹೆಸರಿನ ಮಗುವನ್ನ ಗಡಿ ದಾಟಿಸೋಕಾಗಲ್ಲ.”

ನಾನು ಏನು ಮಾಡಿದೆ ಎಂದು ಬರೆಯುತ್ತೇನೆ. ಬೇಡಿಕೊಂಡೆ. ವಿದೇಶಿ ಪಂಥದ ನರ್ಸಿನ ತೋಳು ಹಿಡಿದು, ಸುಳ್ಳು ಹೇಳಿ ಎಂದು ಬೇಡಿಕೊಂಡೆ. ಸತ್ಯವಂತೆ ನಾನು! ಕದ್ದೊಯ್ಯುತ್ತಾರೆ ಎಂದು ಮೂರು ತಿಂಗಳು ಕಾವಲು ಕೂತವಳು, ಒಯ್ಯುವುದಿಲ್ಲ ಎಂದಾಗ ಅತ್ತೆ.

“ಈ ಹುಡುಗಿಗೆ ನೀವಂದ್ರೆ ನಂಬಿಕೆಯಿಲ್ಲ, ಆದ್ರೂ ಕೇಳ್ತಿದ್ದಾಳೆ,” ಎಂದು ಮುದುಕಿ ತಾನಾಗಿಯೇ ಸೇರಿಸಿದಳಂತೆ. ಆಮೇಲೆ ನನಗೆ ಹೇಳಿದಳು.

ಕೆರ್ತು ತೋಳು ಬಿಡಿಸಿಕೊಂಡಳು. ಬೆಳಗ್ಗೆ ಹೇಳುತ್ತೇನೆ ಎಂದು ಹೋದಳು. ಪ್ರಾರ್ಥನೆ ಮಾಡುತ್ತಾಳಂತೆ. ಮಾಡಲಿ. ಈ ಒಂದು ಸಲ ಯಾರಾದರೂ ಕೇಳಿಸಿಕೊಳ್ಳಲಿ.

ಜೂನ್ 18. ಬೆಳಗ್ಗೆ 8.15

ಕೆರ್ತು ಒಬ್ಬಳೇ ನಡೆದು ಬಂದಳು. ಸೀದಾ ಒಗೆಯುವ ಕೋಣೆಗೆ. ನನ್ನನ್ನೂ ಕರೆಸಿದಳು. ಒಂದು ಹಾಳೆ ಕೈಗಿಟ್ಟಳು. ಫಿನ್ನಿಷಿನಲ್ಲಿ, ಕೈಬರಹ. ಅನ್ನಾ ಮತ್ವೆಯೆವ್ನಾ ಕನ್ನಡಕ ಹುಡುಕಿ ಓದಿದಳು. ಅವಳು ಹೇಳಿದಂತೆ ಇಲ್ಲಿ ಇಳಿಸಿಕೊಳ್ಳುತ್ತೇನೆ:

‘ಕೆರ್ತು ಪುರ್ಹೋನೆನ್ ಎಂಬ ನಾನು ಗ್ಲಾಫಿರಾ ಉಸ್ಕೊವಾ ಎಂಬ ಮಗುವನ್ನು ಜಿನೈದಾ ರ್ಯಾಬೊವಾ ಎಂಬ ಹೆಸರಿನಲ್ಲಿ ಕರೆದೊಯ್ಯುತ್ತಿದ್ದೇನೆ. ತಿಳಿದೇ ಮಾಡುತ್ತಿದ್ದೇನೆ. ಪಾದ್ರಿಗೆ ತಿಳಿಯದು. ಆಗಸ್ಟ್ 20ರೊಳಗೆ ಮಗುವನ್ನು ಮರಳಿ ತರದಿದ್ದರೆ ಈ ಕಾಗದವನ್ನು ಎರಡೂ ದೇಶದ ಪೊಲೀಸರಿಗೆ ತೋರಿಸಿ.’

ಸಹಿ. ಮನೆಯ ವಿಳಾಸ. ಅವಳ ಪಾಸ್‌ಪೋರ್ಟ್ ಸಂಖ್ಯೆ.

ಅವಳನ್ನು ಜೈಲಿಗೆ ಹಾಕಿಸಲು ಈ ಹಾಳೆ ಸಾಕು. ಅದನ್ನು ನನ್ನ ಕೈಗೆ, ತೋಳು ಹಿಡಿದು ಅತ್ತವಳ ಕೈಗೆ... ಇದೂ ಒಂದು ಉಪಾಯವಿರಬಹುದೇ? ಸಂಖ್ಯೆ ಸುಳ್ಳಿರಬಹುದೇ? ಬಂದೇಬಂತು ಆ ಯೋಚನೆ. ಅವಳಿಗೆ ಮುಖದಲ್ಲೇ ಕಂಡಿರಬೇಕು. ಪಾಸ್‌ಪೋರ್ಟ್ ತೆಗೆದು ನನ್ನ ಮುಂದೆ ಬಿಡಿಸಿ ಹಿಡಿದಳು. ಒಂದೊಂದೇ ಅಂಕಿ ಹೋಲಿಸಿದೆ. ನಾಚಿಕೆಯಾಯಿತು, ಆದರೂ ಕೊನೆಯ ಅಂಕಿಯವರೆಗೂ ಹೋಲಿಸಿದೆ.

ಮುದುಕಿ ಪೆನ್ನು ಕಸಿದುಕೊಂಡು ಕೆಳಗೆ ಸಾಕ್ಷಿ ಹಾಕಿದಳು. ‘ಅನ್ನಿ’ ಎಂದು ಬರೆದಳು. ಅಷ್ಟೇ.

ಕೆರ್ತು ಹೊರಡುವಾಗ ಒಂದು ಮಾತು ಹೇಳಿದಳು. ಗಡಿಯಲ್ಲಿ ಮಗುವನ್ನೇ ಹೆಸರು ಕೇಳುತ್ತಾರೆ. ಉತ್ತರ ತಾನು ಹೇಳಿಕೊಡುವುದಿಲ್ಲ. ಅದು ತನ್ನ ಬಾಯಿಂದ ಆಗುವ ಕೆಲಸವಲ್ಲ, ನನ್ನದು.

9.40

ವ್ಯಾನು ಬಂದಿದೆ. ಜೀನಾ ತನ್ನ ಹೆಸರಿದ್ದ ಕಾಲುಚೀಲ ತಂದು ಗ್ಲಾಶಾಳ ಚೀಲಕ್ಕೆ ತುರುಕಿದಳು. “ಹೆಸರು ಕೊಟ್ಟಾಯ್ತಲ್ಲ, ಇದ್ಯಾಕೆ ಇಲ್ಲಿ,” ಎಂದು ಮುಖ ತಿರುಗಿಸಿಕೊಂಡು ಹೋದಳು.

ಗ್ಲಾಶಾಳನ್ನು ನನ್ನ ಕೋಣೆಗೆ ಕರೆದೆ. ಗಡಿಯಲ್ಲಿ ಸೈನಿಕ ಕೇಳಿದರೆ ಏನು ಹೇಳಬೇಕೆಂದು ಕಲಿಸಬೇಕು. ಮಾರ್ಚಿನಲ್ಲಿ ಆಟವೆಂದು ಕಲಿಸಿದ್ದೆ. ಈಗ ಆಟವಲ್ಲ ಎಂದೂ ಹೇಳಬೇಕು. ಎರಡು ತಿಂಗಳು ಎಲ್ಲರೂ ಇನ್ನೊಂದು ಹೆಸರಿಂದಲೇ ಕರೆಯುತ್ತಾರೆ. ತನ್ನದು ಮರೆಯಬಾರದು, ಯಾರಿಗೂ ಕೇಳಿಸದಂತೆ ದಿನಾ ಒಮ್ಮೆ ಹೇಳಿಕೊಳ್ಳಬೇಕು — ಅದನ್ನೂ ಕಲಿಸಬೇಕು. ಎಂಟು ವರ್ಷದವಳಿಗೆ. ಐದು ನಿಮಿಷದಲ್ಲಿ.

ಬಂದಿದ್ದಾಳೆ. ಬಾಗಿಲಲ್ಲಿ ನೆಟ್ಟಗೆ ನಿಂತಿದ್ದಾಳೆ. ನಾನು ಬರೆಯುತ್ತಾ ಕೂತಿದ್ದೇನೆ, ಹೇಳಬೇಕಾದದ್ದನ್ನು ಹೇಳದೆ.

“ತಾಸ್ಯಾ ಅಕ್ಕಾ, ಎರಡೂ ಬರುತ್ತೆ ನಂಗೆ. ಜೋರಾಗಿ ಹೇಳೋದು ಯಾವುದು, ಮೆಲ್ಲಗೆ ಹೇಳೋದು ಯಾವುದು?”

ಹಾರ್ನ್ ಹೊಡೆಯುತ್ತಿದ್ದಾರೆ. ಅವಳಿಗೆ ಹೇಳಬೇಕು:

ಜೋರಾಗಿ